ಉಳ್ಳಾಗಡ್ಡಿಯವರ ಫಿಯಾಟಿನ ಟಾಕಿ

ಹದಿನೇಳು ವರ್ಷ ನಿಂತ ಗಾಡಿ.
ಡಿಕ್ಕಿ ತೆಗದರ ಮೊದಲು ಬಂದದ್ದು ಇಲಿ ಅಲ್ಲ, ವಾಸನಿ.
ಪೆಟ್ರೋಲ್ ಅನ್ನಾಕ ಬರಂಗಿಲ್ಲ ಅದಕ್ಕ;
ಬಡಿಗ್ಯಾರ ಮನ್ಯಾಗ ಕಪಾಟಿಗೆ ಪಾಲಿಶ್ ಬಳದು
ಬಾಗಲಾ ಹಾಕ್ಕೊಂಡು ಊರಿಗೆ ಹೋದಂಗ.

ಮಹಾಲಿಂಗಪುರದ ಪ್ಯಾಟಿ ದಾಟಿದರ
ಮುಧೋಳ ರೋಡಿಗೆ ನನ್ನ ಗ್ಯಾರೇಜು.
ನಾಕು ಬೋಲ್ಟಿನ್ಯಾಗ ಮೂರು ಬಿಚ್ಚಿ ಬಂದುವು,
ನಾಕನೇದು ಮುರದು ಬಂತು.
ಟಾಕಿ ಇಳಿಸಿ ಬಡದೆ.
ಖಾಲಿ ಟಾಕಿ ಮಾತಾಡತೈತಿ.
ಇದು ಬಾಯಿ ಕಟ್ಟಿತ್ತು.

ಕೆಳಗಿನ ನಟ್ಟು ತಗದರ ಸುರೀಲಿಲ್ಲ,
ಜೋತು ಬಿತ್ತು, ಕೇರಿನ ಎಣ್ಣಿಯಂಥಾ ಅಂಟು.
ಫ್ಲೋಟು ತನ್ನ ತಂತಿ ಮ್ಯಾಲೆ ಹೆಪ್ಪುಗಟ್ಟಿ
ಇನ್ನೂ ಅರ್ಧ ಟಾಕಿ ಐತಿ ಅಂತ
ಹಟಾ ಹಿಡದು ನಿಂತಿತ್ತು.

‘ಬ್ಯಾಟರಿ ಹಿಡಿಯೋ ಬಂದೇನವಾಜ, ಕಡ್ಡಿ ಗೀರಿದರ
ನಿಮ್ಮವ್ವಗ ನಾ ಏನ ಹೇಳಲಿ?’

ಮೊದಲನೇ ದಿನ ಥಿನ್ನರ್, ಎರಡು ಲೀಟರ್.
ಗ್ವಾಡಿಗೆ ಹತ್ತಿದ್ದು ಸುಲದು ಬಂತು,
ಸುಟ್ಟ ಹಾಲಿನ ಕೆನಿಯಂಗ ಪದರು ಪದರು.
ಎರಡನೇ ದಿನ ಮುಷ್ಟಿ ಕಡಿ, ನನ್ನ ಲೂನಾದ ಹಳೇ ಚೈನು
ಒಳಗ ಹಾಕಿ, ಬಾಯಿ ಮುಚ್ಚಿ, ಕೌದ್ಯಾಗ ಸುತ್ತಿ
ಜಾಕ್ ಏರಿಸಿದ ಟ್ರ್ಯಾಕ್ಟರಿನ ಗಾಲಿಗೆ ಕಟ್ಟಿ ತಿರವಿದ್ವಿ.
(ಕೌದಿ ನನ್ನ ಹೇಣತೀದು. ಆ ಮಾತು ಇಲ್ಲಿ ಬ್ಯಾಡ.)
ಓಣಿ ಮಂದಿ ನಿಂತು ನೋಡಿದರು,
ಮೂರು ಮಂದಿ ಬುದ್ಧಿ ಹೇಳಿದರು.

ಆದರೂ ತಳದಾಗ, ಒಂದು ಮೂಲ್ಯಾಗ,
ಉಗುರಿನಷ್ಟು ದಪ್ಪ ಒಂದು ಥರಾ.
ಥಿನ್ನರಿಗೆ ಜಗ್ಗಲಿಲ್ಲ, ರಾಕೇಲಿಗೆ ಜಗ್ಗಲಿಲ್ಲ.
ತುಕ್ಕು ಅಂದ ಹುಡುಗ. ಮಣ್ಣು ಅಂದೆ ನಾನು.

ಗುರುಪಾದಪ್ಪ ಉಳ್ಳಾಗಡ್ಡಿ ದಿನಾ ಸಂಜಿಗೆ ಬಂದು
ಹಳೇ ಟಾಯರಿನ ಮ್ಯಾಲೆ ಕುಂದರತಿದ್ದರು.
ಚಾ ಒಲ್ಲೆ. ಮಾತು ಒಂದೇ: ‘ಆತೇನು?’
ಮೂರನೇ ದಿನ ಹೇಳಿದೆ:
ಆಗಂಗಿಲ್ಲರಿ, ಟಾಕಿ ಕೊಯ್ಯಬೇಕು,
ಇಲ್ಲಾ ಸಾಂಗ್ಲಿ ಗುಜರಿಗೆ ಹೋಗಬೇಕು.

ಅವರು ಚಪ್ಪಲಿ ನೋಡಿಕೋತ ಅಂದರು:
‘ಕುದಿಯೋ ನೀರು ಹಾಕಿ ನೋಡು.’
‘ಪೆಟ್ರೋಲಿನ ಕೊಳಿಗೆ ನೀರೇನ್ರಿ?’
‘ಹಾಕಿ ನೋಡು.’

ಹಿತ್ತಲದಾಗ ಕುದಿಸಿ ತಂದು ಸುರವಿ, ಅಲುಗಾಡಿಸಿ,
ಬೋರಲು ಹಾಕಿದ್ವಿ.
ಹಳದಿ ನೀರು. ಮಂದ.
ಆಮ್ಯಾಲೆ ಆ ವಾಸನಿ.
ಈ ಊರಾಗ ಹುಟ್ಟಿದ ಕೂಸಿಗೂ ಗೊತ್ತು ಅದು,
ಸುಗ್ಗಿಯಾಗ ಗಾಣದ ಕಡಿಂದ
ಅರಿವಿಗೆಲ್ಲಾ ಹತ್ತಿಕೊಂಡು ಬರೂದು.
‘ಮಾಮಾ, ಪಾಕ!’ ಅಂತ ನಕ್ಕ ಬಂದೇನವಾಜ.
ನಾ ನಗಲಿಲ್ಲ.

ಬೆಲ್ಲ ಪೆಟ್ರೋಲಿನ್ಯಾಗ ಕರಗಂಗಿಲ್ಲ.
ಮುಳಗತೈತಿ, ತಳಾ ಹಿಡದು ಕುಂದರತೈತಿ.

ಮನಿ ಎರಡಾತು, ಹೊಲ ಎರಡಾತು,
ಬಾವಿಗೆ ದಿನಾ ಬಿಟ್ಟು ದಿನಾ ಪಾಳಿ ಆತು.
ಗಾಡಿ ಎರಡಾಗಲಿಲ್ಲ.
ಚೀಟಿ ಎತ್ತಿದರ ತಮ್ಮ ಸಂಗನಬಸೂಗ ಬಂತು.
ಮುಂಜಾನೆ ಹೊಡಕೊಂಡು ಹೊಂಟಂವ
ಕೆರಿ ದಂಡಿಗೆ ನಿಂತ.
ನೂಕಿ ತಂದು ಶೆಡ್ಡಿಗೆ ಬಿಟ್ಟರು.
ನನ್ನ ಉಸ್ತಾದ ಎಂಟು ದಿನಾ ಕಾರ್ಬೋರೇಟರ್ ಬಿಚ್ಚಿ ಹಾಕಿ
ಬಿಚ್ಚಿ ಹಾಕಿ ಸೋತ.
ಖಾಜಾಹುಸೇನನ ಕೈಗುಣ ಹೋತು ಅಂದಿತು ಊರು.
ಆಮ್ಯಾಲೆ ಅಂವಗ ಬರೇ ಪಂಚರಿನ ಕೆಲಸ,
ಸಾಯೂತನಕಾ.

ನಾ ಏನೂ ಕೇಳಲಿಲ್ಲ.
ಐದು ಸಲಾ ತೊಳದೆ, ಗಾಳಿ ಹೊಡದೆ,
ಬಿಸಲಿಗೆ ಹಿಡದು ನೋಡಿದರ
ಒಳಗೆಲ್ಲಾ ಬೆಳ್ಳಗ, ಹೊಸಾ ಕೊಡದಂಗ.

‘ಬಿಲ್ಲು ಸಂಗನಬಸೂನ ಹೆಸರಿಲೆ ಬರಿ,’ ಅಂದರು.
‘ಗಾಡಿ ಅವಂದು. ರೊಕ್ಕ ನಂದು.’

ನಮ್ಮ ಬಿಲ್ಲಿನ್ಯಾಗ ಕೆಟ್ಟ ಕಾರಣ ಅಂತ ಒಂದು ಸಾಲು ಐತಿ,
ಉಸ್ತಾದನ ಅಚ್ಚು ಹಾಕಿಸಿದ್ದು.
ಪೆನ್ನು ಅಲ್ಲಿ ಇಟ್ಟೆ. ಎತ್ತಿದೆ.
ಅವರು ನೋಡಿದರು. ಮುಂದ ಕೈ ಚಾಚಿ
ಪೆನ್ನು ಇಸಕೊಂಡರು.
ಬರದರೋ ಇಲ್ಲೋ, ನಾ ಓದಲಿಲ್ಲ.

ಅಂಗಳದಾಗ ಆ ನೀರು ಚೆಲ್ಲಿದಲ್ಲಿ ಇರುವಿ ಬಂದಿದ್ದುವು,
ಥಿನ್ನರಿನ ವಾಸನಿಗೆ ಒಳಗ ಬರದ
ಸುತ್ತಾ ಸುತ್ತತಿದ್ದುವು.