ಯಾರೂ ಸಾಯದ ಪುಸ್ತಕ

ಎರಡು ವಾರಕ್ಕೊಮ್ಮೆ, ಗುರುವಾರ,
ಇನಾರಿ ಸರೋವರದ ಆಚೆ ದಡದ ತಿರುವಿನಲ್ಲಿ
ನಮ್ಮ ಪುಸ್ತಕದ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ.
ತೈಸ್ತೊ ಇಂಜಿನ್ ಆರಿಸುವುದಿಲ್ಲ.
ಆರಿಸಿದರೆ ಮತ್ತೆ ಹೊತ್ತೀತೆಂಬ ನಂಬಿಕೆಯಿಲ್ಲ,
ಹೊರಗೆ ಮೈನಸ್ ಇಪ್ಪತ್ತೆಂಟು.
ಹಾಗಾಗಿ ನನ್ನ ಕಪಾಟುಗಳು ಸದಾ ಸಣ್ಣಗೆ ನಡುಗುತ್ತಿರುತ್ತವೆ.

ಮಕ್ಕಳು ಬೂಟಿನ ಹಿಮ ಕೊಡವಿ ಹತ್ತುತ್ತಾರೆ.
ಪಿರಿತಾಗೆ ಕುದುರೆ ಬೇಕು.
ಹೋದ ಸಲವೂ ಕುದುರೆ, ಅದರ ಹಿಂದಿನ ಸಲವೂ.
"ಇಷ್ಟೊಂದು ಹಿಮಸಾರಂಗ ಇರೋ ಊರು,
ಅದನ್ನೇ ಓದಬಾರದಾ?" ಅಂದರೆ
"ಅದು ಮನೇಲೇ ಇದೆಯಲ್ಲ" ಅನ್ನುತ್ತಾಳೆ.
ವಾದ ಸರಿಯೇ. ಕುದುರೆ ಕೊಟ್ಟೆ.
ಅವಳ ತಮ್ಮನಿಗೆ ಹೂಸಿನ ಪುಸ್ತಕ.
ಎರಡು ಪ್ರತಿ ತರಿಸಿದ್ದೇನೆ, ಪುರಸಭೆಗೆ ಹೇಳಿಲ್ಲ.

ಔಲ ಕೊನೆಗೆ ಬಂದ. ಹದಿನಾಲ್ಕು ವರ್ಷ.
ಮೀಸೆ ಚಿಗುರುವ ಜಾಗದಲ್ಲಿ ಮಂಜಿನ ಹರಳು.
ಬಾಗಿಲಲ್ಲೇ ನಿಂತು, ಮೊಳೆಯ ಬೆಲೆ ಕೇಳುವವನ ಹಾಗೆ
"ಯಾರೂ ಸಾಯದ ಪುಸ್ತಕ ಇದೆಯಾ?" ಅಂದ.

ಹೋದ ಏಪ್ರಿಲ್‌ನಲ್ಲಿ ಅವನಣ್ಣ ನೀಲಾಸ್
ಹಿಮದ ಸ್ಕೂಟರ್ ಸಮೇತ
ಸರೋವರದ ತೆಳು ಗಡ್ಡೆಯೊಳಗೆ ಇಳಿದುಹೋಗಿದ್ದು
ನನಗೂ ಗೊತ್ತಿತ್ತು, ತೈಸ್ತೊಗೂ.
ತೈಸ್ತೊ ರೇಡಿಯೊ ಸಣ್ಣ ಮಾಡಿದ.

"ಇದೆ" ಅಂದೆ.
ಇಪ್ಪತ್ತಾರು ವರ್ಷದ ಸರ್ವೀಸು,
ಇಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ.
ಆಮೇಲೆ ತಿರುಗಿ ಕಪಾಟು ನೋಡಿದೆ.

ಇದರಲ್ಲಿ ಮೂರನೇ ಅಧ್ಯಾಯಕ್ಕೇ ನಾಯಿ.
ಇದರಲ್ಲಿ ಅಜ್ಜಿ, ಹುಟ್ಟುಹಬ್ಬದ ಮಾರನೇ ದಿನ.
ಇದರಲ್ಲಿ ಮೊದಲ ಪುಟಕ್ಕೂ ಮುಂಚೆ ಅಪ್ಪ ಅಮ್ಮ ಇಬ್ಬರೂ:
ಮಗು ಸಾಹಸಕ್ಕೆ ಹೊರಡಲು ಅಡ್ಡಿಯಿರಬಾರದು ನೋಡಿ.
ಬಹುಮಾನ ಬಂದವಂತೂ ಬೇಡವೇ ಬೇಡ,
ಮುಖಪುಟದಲ್ಲಿ ಬೆಳ್ಳಿಮುದ್ರೆ ಇದ್ದ ಮೇಲೆ
ಒಳಗೊಂದು ಹೆಣ ಇದ್ದೇ ಇರುತ್ತದೆ.
ನಾನೇ ಎಷ್ಟು ಕೈಗಳಲ್ಲಿ ಇಟ್ಟಿದ್ದೇನೆ ಇವನ್ನೆಲ್ಲ,
"ಓದು, ಮನಸ್ಸಿಗೆ ತಟ್ಟುತ್ತೆ" ಎಂದು,
ಆ ಮನಸ್ಸಿಗೆ ಆಗಲೇ ಎಷ್ಟು ತಟ್ಟಿದೆ ಎಂದು ಕೇಳದೆ.

ತುಟಿ ಅಲ್ಲಾಡುತ್ತಿತ್ತೋ ಏನೋ.
ಹನ್ನೊಂದು ನಿಮಿಷ ಉಳಿದಿತ್ತು. ಆಮೇಲೆ ಆರು.
ಕೊನೆಗೆ ಕೈಗೆ ಸಿಕ್ಕಿದ್ದು
ಉತ್ತರದ ಪಾಚಿ, ಕಲ್ಲುಹೂಗಳ ಕೈಪಿಡಿ.
ಮುನ್ನೂರು ಚಿತ್ರ, ಒಬ್ಬ ಮನುಷ್ಯನೂ ಇಲ್ಲ.
ಮುಖ ನೋಡದೆ ಕೊಟ್ಟೆ.
ಮುಖ ನೋಡದೆ ತಗೊಂಡ.

ಆ ಹದಿನೈದು ದಿನ ರಾತ್ರಿ ಅಡುಗೆಮನೆಯಲ್ಲಿ ಕೂತು
ಮಕ್ಕಳ ಪುಸ್ತಕಗಳ ಸತ್ತವರ ಪಟ್ಟಿ ಮಾಡಿದೆ.
ಗಂಡ ಕೇಳಿದ, ಯಾರಿಗೆ ಇದೆಲ್ಲ?
ಕಾಫಿ ಆರಿಹೋಗಿತ್ತು. ಕುಡಿದೆ.

ಮುಂದಿನ ಗುರುವಾರ ಎಲ್ಲರಿಗಿಂತ ಮೊದಲು ಅವನೇ.
"ಐವತ್ತೆಂಟನೇ ಪುಟ" ಅಂದ.
ತೆರೆದು ನೋಡಿದೆ, ಜೌಗುನೆಲದ ಪಾಚಿ:
ಬುಡ ಸಾಯುತ್ತಾ ಇರುತ್ತದೆ, ತುದಿ ಬೆಳೆಯುತ್ತಾ ಇರುತ್ತದೆ.
"ತಪ್ಪಾಯಿತು, ನೋಡಿರಲಿಲ್ಲ."
"ಪರವಾಗಿಲ್ಲ. ಎರಡೇ ಸಾಲು."

ಕೈಗವಸು ತೆಗೆದ, ಮತ್ತೆ ಹಾಕಿಕೊಂಡ.
"ಆ ನಾಯಿಯದು,
ಅದು ಸತ್ತ ಮೇಲೆ ಇನ್ನೂ ಎಷ್ಟು ಪುಟ ಇದೆ?"

ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ.
ಎಣಿಸಿದೆವು, ಇಬ್ಬರೂ,
ಅವನು ಹಿಂದಿನಿಂದ, ನಾನು ಮುಂದಿನಿಂದ.
ನೂರ ಎಂಬತ್ತಮೂರು.

"ಅಷ್ಟೊಂದಾ" ಅಂದ.
ತಗೊಂಡು ಹೋಗಲಿಲ್ಲ.
ಪಾಚಿಯನ್ನೇ ಇನ್ನೊಂದು ಸಲ ಬರೆಸಿಕೊಂಡ,
ಇಳಿಯುವಾಗ ತಿರುಗಿ,
"ಅದು ಬಸ್ಸಲ್ಲೇ ಇರಲಿ, ಬೇರೆ ಯಾರಿಗೂ ಕೊಡಬೇಡಿ."

ಅಂದಿನಿಂದ ನಾಯಿಯ ಪುಸ್ತಕ
ತೈಸ್ತೊನ ಸೀಟಿನ ಕೆಳಗೆ, ಸರಪಳಿ, ಸಲಿಕೆಗಳ ಪಕ್ಕ.
ಪಿರಿತಾ ಕುದುರೆಗಳನ್ನೆಲ್ಲ ಮುಗಿಸಿದ್ದಾಳೆ.
ನಾಯಿ ಇದೆಯಾ ಎಂದು ಕೇಳಿದಳು.
ಇಲ್ಲ ಅನ್ನುವುದನ್ನು
ಈಗ ಕಲಿಯುತ್ತಿದ್ದೇನೆ.