ಎರಡು ಬೆರಳು ಹುಲ್ಲು

ಬೆಂಗ್ರೆಯಲ್ಲಿ ಚಳಿಗಾಲವೆಂದರೆ
ಬೆಳಗಿನ ಒಂದೂವರೆ ಗಂಟೆ.
ಅಷ್ಟಕ್ಕೇ ಮಫ್ಲರು ಸುತ್ತಿಕೊಂಡು ಬರುತ್ತಿದ್ದ ಇಸುಬ್ಬಾಕ,
ಕಂಕುಳಲ್ಲಿ ಮೊಳೆ ಹೊಡೆದ ಹಲಗೆ.

ಆಚೆ ದಡದಲ್ಲಿ ದೀಪಾವಳಿಯ ಪಟಾಕಿ ಮುಗಿದ ವಾರ.
ಮಳೆ ಹೇಳದೆ ಹೊರಟುಹೋಗಿತ್ತು.
ಮೈದಾನದಲ್ಲಿ ಮೊಣಕಾಲೆತ್ತರದ ಹುಲ್ಲು,
ನಡುವೆ ನಾಚಿಕೆಮುಳ್ಳು, ಕೊನ್ನಾರಿ,
ಯಾರದೋ ಎಡಗಾಲಿನ ಚಪ್ಪಲಿ.
ಗೋಲಿನ ಬಾಯಲ್ಲಿ ಮಾತ್ರ ಏನೂ ಇಲ್ಲ.
ನನ್ನ ಕಾಲು ವರ್ಷವಿಡೀ ಕುಣಿದ ಜಾಗ,
ಉಜ್ಜಿಟ್ಟ ಬಟ್ಟಲಿನಷ್ಟು ಬೋಳು.

"ನಿನ್ನದೇ ಕೆಲಸ ಇದು" ಎಂದ.
ನಾನು ಹದಿನಾಲ್ಕರ ಗೋಲ್‌ಕೀಪರ್,
ಹೊಗಳಿದನೆಂದೇ ತಿಳಿದೆ.

ನಾಲ್ಕು ಗೂಟ ಹೊಡೆದು ಹಳೆಯ ಬಲೆಯ ತುಂಡು ಸುತ್ತಿದ.
"ಬಾಣಂತಿಗೆ ನಲವತ್ತು, ಮಣ್ಣಿಗೂ ನಲವತ್ತು.
ಅಷ್ಟು ದಿನ ಚೆಂಡು ಈ ಕಡೆ ಬಂದರೆ
ಚೆಂಡು ನನ್ನದು."

ಕೊಯ್ಯುವಾಗ ಅವನ ಅಳತೆ ಎರಡು ಬೆರಳು,
ಕತ್ತಿ ಅದಕ್ಕಿಂತ ಕೆಳಗಿಳಿದರೆ ಅಜ್ಜನವರೆಗೆ ಬೈಗುಳ.
"ಡಿಸೆಂಬರಿನ ಮೂಡುಗಾಳಿಗೆ ನಿನ್ನ ತುಟಿ ಒಡೆಯುತ್ತದಲ್ಲ?
ಇದಕ್ಕೆ ವ್ಯಾಸಲಿನ್ ಹಚ್ಚುವವರು ಯಾರು?
ಇನ್ನು ಮಳೆಯವರೆಗೆ ಕುಡಿಯಲಿಕ್ಕೆ ಬೆಳಗಿನ ಮಂಜು ಮಾತ್ರ.
ಅದನ್ನು ಹಿಡಿಯಲಿಕ್ಕಾದರೂ
ಒಂಚೂರು ಎಲೆ ಬೇಡವಾ ಮೋನು?"

ಹಲಗೆ ನೆಲಕ್ಕಿಟ್ಟು, ಮೊಳೆ ಕೆಳಗೆ,
ಏಳು ಹುಡುಗರನ್ನು ಮೇಲೆ ಹತ್ತಿಸಿ ಕುಣಿಯಿರಿ ಎನ್ನುತ್ತಿದ್ದ.
ಎತ್ತಿದರೆ ಮಣ್ಣಲ್ಲಿ ಶ್ಯಾವಿಗೆ ಅಚ್ಚಿನ ತೂತುಗಳು.
ತೂತಿಗೆ ಜರಡಿ ಹಿಡಿದ ಕೆಂಪು ಮಣ್ಣು.
ಬಂದರಿನಿಂದ ಗೋಣಿಯಲ್ಲಿ ಬಂದದ್ದು,
ದೋಣಿಯಲ್ಲಿ ಗೋಣಿಗೂ ಒಂದಾಳಿನ ಟಿಕೆಟು.
ಮಣ್ಣಿನ ಜೊತೆ ಸಿಗಡಿ ತಲೆ,
ಮೂರು ನೀರಲ್ಲಿ ಉಪ್ಪು ಬಿಡಿಸಿ, ಒಣಗಿಸಿ, ಕುಟ್ಟಿದ್ದು.
ಆ ವಾರದಿಂದ ಊರಿನ ಬೆಕ್ಕುಗಳೆಲ್ಲ
ಫುಟ್ಬಾಲ್ ಅಭಿಮಾನಿಗಳು.

ಬೋಳಿಗೆ ಮಣ್ಣು ಸಾಲದು, ಬೇರು ಬೇಕು.
ಒಂದು ಆದಿತ್ಯವಾರ ಮೊದಲ ದೋಣಿಗೆ ನನ್ನನ್ನೂ ಹತ್ತಿಸಿದ.
ಪೇಟೆಯ ದೊಡ್ಡ ಮೈದಾನದ ಅಂಚು,
ಗರಿಕೆ ಬೇಲಿ ನುಸುಳಿ ಕಾಲುದಾರಿಗೆ ಕೈಚಾಚಿತ್ತು.
"ಒಳಗಿದ್ದದ್ದು ಸರ್ಕಾರದ್ದು,
ಹೊರಗೆ ಬಂದದ್ದು ಪಡೆದವನದ್ದು,"
ಎಂದು ಬೇರು ಸಮೇತ ಮೂರು ಮೊಳ ಎಬ್ಬಿಸಿದ.
ಆಮೇಲೆ ಅತ್ತಿತ್ತ ನೋಡಿ
ಸರ್ಕಾರದ್ದೂ ಒಂದು ಮೊಳ.

ಮೀನು ಬೇಗ ಮುಗಿಸಿದ್ದ ವಾರಿಜಕ್ಕ ಬುಟ್ಟಿ ಕೊಟ್ಟಳು,
ಒದ್ದೆ ಬೈರಾಸು ಹೊದಿಸಿ ತಲೆಗೇರಿಸಿದೆ.
"ಪೇಟೆಯಿಂದ ಬೆಂಗ್ರೆಗೆ ಮೀನಾ? ಎಂತ ಮೀನು ಮಾರಾಯ್ರೆ?"
ದೋಣಿಯವನು ಬಗ್ಗಿ ನೋಡಿದ.
"ಹಸಿರು ಬಂಗುಡೆ," ಎಂದಳು ವಾರಿಜಕ್ಕ,
"ರೇಟು ಕೇಳಬೇಡ."
ಅಳಿವೆಯ ಗಾಳಿಗೆ ಬೈರಾಸು ಹಾರಿತು.
ಇಸುಬ್ಬಾಕ ತನ್ನ ಮಫ್ಲರು ಬಿಚ್ಚಿ ಹುಲ್ಲಿಗೆ ಸುತ್ತಿದ.

ನೆಟ್ಟೆವು, ಗೇಣಿಗೊಂದು.
ಹತ್ತನೆಯ ದಿನ ಎಲ್ಲ ಹಳದಿ.
ನಾನು ಅತ್ತೆ, ಅವನು ಬೀಡಿ ಹಚ್ಚಿದ.
ಹದಿನೇಳನೆಯ ಬೆಳಿಗ್ಗೆ ಮಂಡಿಯೂರಿ
ಕಿರುಬೆರಳಲ್ಲಿ ಏನನ್ನೋ ಸವರಿ
ಬೆರಳಿನ ಮಂಜನ್ನು ನನ್ನ ಹಣೆಗೆ ಒರೆಸಿದ.
ಏನೂ ಹೇಳಲಿಲ್ಲ.

ಜನವರಿಯ ಟೂರ್ನಮೆಂಟು, ಉಳ್ಳಾಲದವರು ಎದುರು.
ಬಲಕ್ಕೆ ಬಂದ ಚೆಂಡಿಗೆ ನಾನು ಪೂರ್ತಿ ಹಾರಿದೆ,
ಮೊಣಕೈ ತರಚೀತೆಂಬ ಹೆದರಿಕೆ ಇಲ್ಲದೆ,
ಜೀವನದಲ್ಲಿ ಮೊದಲ ಸಲ.
ಚೆಂಡು ಹೋಯಿತು.
ಬಾಯಲ್ಲಿ ಒಂದೆಳೆ ಗರಿಕೆ,
ಅದಕ್ಕೆ ಸ್ವಲ್ಪ ಸಿಗಡಿಯ ರುಚಿ.

ರೆಫರಿ ಸೀಟಿ ಊದುತ್ತಲೇ ಇದ್ದ,
ಗೆರೆ ದಾಟಿ ಓಡಿಬಂದ ಮುದುಕನಿಗೆ.
ನನ್ನನ್ನು ಎಬ್ಬಿಸಲು ಬಂದನೆಂದು ಕೈ ಚಾಚಿದೆ.
ಅವನು ನನ್ನ ಪಕ್ಕೆಯಡಿ ಮೇಲೆದ್ದ ಹೆಂಟೆಯನ್ನು
ಅಂಗೈಯಲ್ಲಿ ಒತ್ತಿ ಕೂರಿಸುತ್ತಿದ್ದ.
"ಸ್ವಲ್ಪ ಆಚೆ ಸರಿ," ಎಂದ,
"ಅದರ ಮೇಲೆಯೇ ಕೂತಿದ್ದೀಯ."