ಬಾಲದ ಲೆಕ್ಕ

ಜೀಲಾಂಗಿನ ಉಣ್ಣೆ ತೊಳೆಯುವ ಕಾರ್ಖಾನೆಯಲ್ಲಿ
ಬೆಳಗಿನ ಪಾಳಿಗೆ ಮೊದಲು ಬರುವುದು ವಾಸನೆ:
ಕುರಿ, ಬೆವರು, ಬಿಸಿನೀರು.
ಆಮೇಲೆ ಟ್ರೆಗಿಯರ್.

ನಲವತ್ತು ವರ್ಷ ಕುರಿಯ ಮೈಯಿಂದ ಉಣ್ಣೆ ಬಿಚ್ಚಿದವನು,
ಸೊಂಟ ಹೋದ ಮೇಲೆ ಇಲ್ಲಿ ತೊಟ್ಟಿ ಕಾಯುತ್ತಾನೆ.
"ಆಗ ನನ್ನ ಕೈ ಎಳೆಗೂಸಿನ ಕೆನ್ನೆಯ ಹಾಗಿತ್ತು,
ಈಗ ನೋಡು" ಎಂದು ಅಂಗೈ ಚಾಚಿದ.
ಬಿರುಕು, ಬಿರುಕಿನೊಳಗೆ ಕೆಂಪು.

ನಾನು ಲ್ಯಾಬಿನವಳು. ಚೀಟಿಯ ಹಿಂದೆ ಬರೆದೆ
ಗರಗಸದ ಹಲ್ಲಿನ ಹಾಗೆ
ಇಂಗಾಲ, ಇಂಗಾಲ, ಇಂಗಾಲ, ಒಟ್ಟು ಹನ್ನೆರಡು;
ತುದಿಯಲ್ಲೊಂದು ನೀರಿನ ಹುಚ್ಚಿನ ತಲೆ.
ತಲೆ ನೀರಿಗೆ ನೆಂಟ, ಬಾಲ ಜಿಡ್ಡಿಗೆ.
ಎಣ್ಣೆ ಸೀಗೆಕಾಯಿ ಜಗಳ ಬಿಡಿಸಲು ಹೋಗಿ
ಎರಡೂ ಮನೆಯ ಉಪ್ಪು ತಿನ್ನುವ ದಲ್ಲಾಳಿ.
ಕುರಿಯ ಜಿಡ್ಡು ಯಾವುದು, ನಿನ್ನ ಜಿಡ್ಡು ಯಾವುದು,
ಅದಕ್ಕೆ ಗೊತ್ತಾಗುವುದಿಲ್ಲ.

ಅವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.
"ಬಾಲ ನೆಟ್ಟಗೇ ಇದೆಯಲ್ಲ?"
ಡೊಂಕು ಬಾಲವೂ ಉಂಟು, ಅಂದೆ,
ನಡುವೆ ಒಂದು ಜೋಡಿಬಂಧ ಬಿದ್ದರೆ ಸಾಕು.
ನೆಟ್ಟಗಿನವು ಒತ್ತೊತ್ತಾಗಿ ಮಲಗಿ ಮೇಣವಾಗುತ್ತವೆ,
ಡೊಂಕಿನವು ಹೊಂದದೆ ಎಣ್ಣೆಯಾಗಿ ಹರಿಯುತ್ತವೆ.
ಅವನು ಸೊಂಟ ಮುಟ್ಟಿಕೊಂಡು ನಕ್ಕ.

ಸಂಜೆ, ಸೆಂಟ್ರಿಫ್ಯೂಜಿನ ಕೆಳಗಿನ ಡಬ್ಬದಿಂದ
ಒಂದು ಚಮಚ ಹಳದಿ ಲ್ಯಾನೋಲಿನ್ ತೆಗೆದುಕೊಟ್ಟೆ.
ಪುಸ್ತಕದಲ್ಲಿ ಬರೆದೆ: ಸ್ಯಾಂಪಲ್, ಹನ್ನೊಂದು ಗ್ರಾಂ.
ಮೊಣಕೈವರೆಗೂ ಸವರಿಕೊಂಡ.

ಗೇಟಿನ ಬಳಿ ಕೈ ಕುಲುಕಿ ಹೋದ.
ಮನೆ ಬರುವವರೆಗೂ
ಬಸ್ಸಿನ ಕಂಬಿ ನನ್ನ ಕೈಯಲ್ಲಿ ನಿಲ್ಲಲಿಲ್ಲ.